ಮೊರಾಗ್‌ಳ ಅಡುಗೆಮನೆಯ ಒದ್ದೆ ಸಿಪ್ಪೆ

ಗ್ಲಾಸ್ಗೋ ನಗರಕ್ಕೆ ಬಂದ ಮೂರನೆಯ ದಿನ ನೆರೆಯಾಕೆ ಬಾಗಿಲು ತಟ್ಟಿ ನನ್ನ ಕೈಗಿತ್ತದ್ದು, ತಾನೇ ಮಾಡಿದ ಎರಡು ಬಾಟಲಿ ಬಿಯರ್. ನಮ್ಮೂರು ಹಿರೇಗುತ್ತಿಯಲ್ಲಿ ಹೆಂಡದಂಗಡಿಯ ಎದುರು ಮೂರು ದಿನ ಬಿಸಿಲಿನಲ್ಲಿ ಧರಣಿ ಕೂತವಳು ನಾನು. ಎಂದೂ ಘೋಷಣೆ ಕೂಗದ ಅಮ್ಮನನ್ನೂ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಬಾಟಲಿಗಳನ್ನು ಹಿಡಿದು ಕಂಬದಂತೆ ನಿಂತುಬಿಟ್ಟೆ.

ಇಲ್ಲಿ ಹಲವು ಮನೆಗಳಿಗೆ ಹಂಚಿಕೆಯಾದ ಕಲ್ಲಿನ ಮೆಟ್ಟಿಲ ಓಣಿಯನ್ನು 'ಕ್ಲೋಸ್' ಎನ್ನುತ್ತಾರೆ. ನಮ್ಮೂರಿನಲ್ಲಿ ಯಾರ ಮನೆಯ ಮೀನುಸಾರು ಕುದಿಯುತ್ತಿದೆ ಎಂಬುದು ಕೇರಿಗೆಲ್ಲ ಗೊತ್ತು. ಇಲ್ಲಿ ಎದುರು ಬಾಗಿಲಿನವರ ಹೆಸರೂ ತಿಳಿಯದು. ನನ್ನ ಮನೆಯ ಗೋಡೆ ತೇವದಿಂದ ಕಪ್ಪಾಗಿತ್ತು. ಮಾಲೀಕನಿಗೆ ಬರೆದ ಪತ್ರಗಳಿಗೆ ಉತ್ತರವಿರಲಿಲ್ಲ. ನಾನು ದುಡಿಯುವ ವೃದ್ಧಾಲಯದಲ್ಲಿ ಸುಮಿತ್ರಾ ಎಂಬ ನನ್ನ ಹೆಸರನ್ನು ಮೊದಲ ವಾರವೇ 'ಸೂ' ಎಂದು ಕತ್ತರಿಸಿದರು. ಅದನ್ನು ಪೂರ್ತಿಯಾಗಿ ಉಚ್ಚರಿಸಲು ಹಟ ಹಿಡಿದು ಕಲಿತವಳು ಆ ನೆರೆಯಾಕೆ ಒಬ್ಬಳೇ: ಮೊರಾಗ್, ನಿವೃತ್ತ ಶಿಕ್ಷಕಿ. ಹೀಗಾಗಿ ಭಾನುವಾರಗಳಂದು ಅವಳ ಅಡುಗೆಮನೆಗೆ ಹೋಗತೊಡಗಿದೆ. ನಾನು ಬಿಯರ್ ಕುಡಿಯಲಿಲ್ಲ, ಅವಳು ಮಾಡುವಾಗ ಪಾತ್ರೆ ಕಲಕಿದೆ. ಮಾರಾಟಕ್ಕಲ್ಲದ ಹತ್ತು ಲೀಟರಿನ ಪಾತ್ರೆಯಿಂದ ಯಾರ ಸಂಸಾರವೂ ಹಾಳಾಗದು ಎಂದು ನನಗೆ ನಾನೇ ವಾದಿಸಿಕೊಂಡೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಕುದಿಯದ ಬಿಸಿನೀರಿನಲ್ಲಿ ಒಂದು ತಾಸು ನೆನೆಸಿದರೆ ಕಾಳಿನ ಹಿಟ್ಟು ಸಿಹಿಯಾಗಿ ನೀರಿಗಿಳಿಯುತ್ತದೆ. ಇದೇ 'ಮ್ಯಾಶ್'; ಬಸಿದ ಆ ಸಿಹಿನೀರು ಹುದುಗಿದರೆ ಬಿಯರ್. ಬಸಿದ ಮೇಲೆ ಉಳಿಯುವ ಚರಟಕ್ಕೆ ಇಲ್ಲಿಯವರು 'ಡ್ರಾಫ್' ಎನ್ನುತ್ತಾರೆ. ನಮ್ಮಲ್ಲಿ ಹಿಂಡಿಯಂತೆ, ಅದು ದನಗಳ ಪಾಲು. ಮೊರಾಗ್‌ಳ ಡ್ರಾಫ್ ಬಾಯಿಗಿಟ್ಟರೆ ಇನ್ನೂ ಸಿಹಿಯಿತ್ತು. ದಕ್ಕಬೇಕಾದ ಸಕ್ಕರೆಯಲ್ಲಿ ಅರ್ಧದಷ್ಟು ದನದ ಪಾಲಾಗುತ್ತಿತ್ತು. ಕಾಳನ್ನು ಇನ್ನೂ ಸಣ್ಣಗೆ ಒಡೆದರೆ ಸಿಪ್ಪೆಯೂ ಪುಡಿಯಾಗಿ, ಎಲ್ಲ ಸೇರಿ ಅಂಟಾಗಿ, ನೀರೇ ಬಸಿಯುತ್ತಿರಲಿಲ್ಲ.

ಪಾಯಸದ ಗೋದಿ ಕುಟ್ಟುವ ಮೊದಲು ಅಮ್ಮ ನೀರು ಚಿಮುಕಿಸುತ್ತಿದ್ದುದು ಆಗ ನೆನಪಾಯಿತು. ಒದ್ದೆ ಸಿಪ್ಪೆ ಪುಡಿಯಾಗುವುದಿಲ್ಲ, ಇಡಿಯಾಗಿ ಬಿಡುತ್ತದೆ. ಬಾರ್ಲಿಗೂ ಅದೇ ನ್ಯಾಯವಲ್ಲವೇ? ಅಮ್ಮನಿಗೆ ಫೋನ್ ಮಾಡಿದೆ.

"ಸುರೀಬೇಡ ತಂಗಿ, ಚಿಮುಕ್ಸು. ಕೈಗೆ ಹತ್ಕಂಬಾರ್ದು, ಸಿಪ್ಪೆ ಮಾತ್ರ ಮೆತ್ತಗಾಗ್ಬೇಕು. ಸ್ವಲ್ಪ ಹೊತ್ತು ಮುಚ್ಚಿಡು. ಎಂತಕ್ಕೆ ಈಗ?"

"ಪಾಯಸಕ್ಕೆ ಅಮ್ಮ."

"ಆತು, ಆತು. ಬೆಲ್ಲ ಸಿಕ್ತದಾ ಅಲ್ಲಿ?"

ಅಮ್ಮ ಹೇಳಿದಂತೆಯೇ ಮಾಡಿದೆವು. ಕಾಳು ಒಡೆಯುವ ಕೈಗಿರಣಿಯ ಉರುಳೆಗಳನ್ನು ಬಿಗಿ ಮಾಡಿದರೂ ಸಿಪ್ಪೆ ಇಡಿಯಾಗಿಯೇ ಬಂತು. ನೀರು ಸರಾಗವಾಗಿ ಬಸಿಯಿತು. ಸಿಹಿ ಅಳೆಯುವ ಗಾಜಿನ ಕೊಳವೆ ಎಂದೂ ಇಲ್ಲದಷ್ಟು ಮೇಲೆ ತೇಲಿತು. ಮೊರಾಗ್ ನನ್ನನ್ನು ತಬ್ಬಿಕೊಂಡಳು. ಈ ದೇಶದಲ್ಲಿ ನನ್ನನ್ನು ತಬ್ಬಿಕೊಂಡ ಮೊದಲಿಗಳು.

ಮುಂದಿನ ತಿಂಗಳು ಅವಳ ಬಿಯರ್ ಕೂಟದ ಪತ್ರಿಕೆಯಲ್ಲಿ ಲೇಖನ ಬಂತು: 'ನಾನು ಕಂಡುಕೊಂಡ ಒದ್ದೆ ಸಿಪ್ಪೆಯ ವಿಧಾನ'. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಕತ್ತರಿಸಿದ 'ಸೂ' ಕೂಡ.

ಪತ್ರಿಕೆ ಹಿಡಿದು ಮೊರಾಗ್‌ಳ ಮನೆಗೆ ಮೆಟ್ಟಿಲಿಳಿದೆ.

"ಬರೀ ನೀರು ತಾನೇ, ಹೆನ್," ಎಂದಳು. ಹೆಣ್ಣುಮಕ್ಕಳನ್ನು ಇಲ್ಲಿ ಅಕ್ಕರೆಯಿಂದ ಕೋಳಿ ಎಂದು ಕರೆಯುತ್ತಾರೆ. "ಹಳೆಯ ಬಿಯರ್ ಕಸುಬಿನವರಿಗೂ ಇದು ಗೊತ್ತಿತ್ತಂತೆ."

"ಹಾಗಾದರೆ 'ನಾನು ಕಂಡುಕೊಂಡ' ಎಂದೇಕೆ ಬರೆದೆ? ನಮ್ಮ ಬೀಜ, ನಮ್ಮ ಮದ್ದು, ನಮ್ಮ ಕೈಕೆಲಸ, ಎಲ್ಲವನ್ನೂ ಹೀಗೇ ಒಯ್ದಿರಿ. ನೀನೂ ಅವರಲ್ಲೊಬ್ಬಳು."

ಅವಳ ಮುಖ ಕೆಂಪಾಯಿತು. ಕನ್ನಡಕ ಹಾಕಿಕೊಂಡು ಪೆನ್ನು ತೆಗೆದಳು. "ತಪ್ಪಾಯಿತು. ತಿದ್ದುಪಡಿ ಕಳಿಸುತ್ತೇನೆ. ಕಂಡುಕೊಂಡವರು ಯಾರೆಂದು ಬರೆಯಲಿ?"

"ಸುಮಿತ್ರಾ," ಎಂದೆ.

ಅವಳು ಬರೆದಳು. ನಾನು ನೋಡುತ್ತಲೇ ನಿಂತೆ. ಪರರ ಅನ್ಯಾಯಗಳನ್ನು ಹೆಸರಿಟ್ಟು ಕರೆಯುವುದೇ ನನ್ನ ಬದುಕಾಗಿತ್ತು. ಅಮ್ಮನ ಹೆಸರಿಲ್ಲದ ಆ ಕಾಗದದ ಮೇಲಿನ ಅನ್ಯಾಯಕ್ಕೆ ಮಾತ್ರ ನನ್ನದೇ ಹೆಸರಿತ್ತು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಚೆಯಿಂದ ಕೊಡಪಾನ ನೆಲಕ್ಕಿಟ್ಟ ಸದ್ದು ಕೇಳಿತು.

"ಬಿಯರ್ ಅಂದ್ರೆ ಹೆಂಡವೇ ಅಲ್ವಾ?"

"ಹೌದಮ್ಮ."

"ಪಾಯಸ ಅಂದಿದ್ಯಲ್ಲೆ! ಕೇರಿಗೆಲ್ಲ ಹೇಳ್ಕಂಡು ಬಂದೆ. ಅಂಗಡಿ ಮುಂದೆ ನನ್ನ ಬಿಸಿಲಿಗೆ ಕೂರ್ಸಿದವಳು ನೀನೇ ಅಲ್ವಾ?"

"ನಿನ್ನ ಹೆಸರು ಹಾಕಿಸ್ತೇನಮ್ಮ. ಕಲಿಸಿದ್ದು ನೀನು."

"ಹೆಂಡದ ಪೇಪರಿಗೆ ನನ್ನ ಹೆಸರು ಹಾಕಿದ್ರೆ ನೋಡು ಮತ್ತೆ!"

ಕೊನೆಗೆ ತಿದ್ದುಪಡಿಯಲ್ಲಿ ನನ್ನ ಹೆಸರನ್ನು ತೆಗೆಸಿ, 'ಹಿರೇಗುತ್ತಿಯ ಒಂದು ಅಡುಗೆಮನೆಯಿಂದ' ಎಂದಷ್ಟೇ ಹಾಕಿಸಿದೆ. ಇಲ್ಲಿ ಆ ಊರಿನ ಹೆಸರನ್ನು ಓದಬಲ್ಲವರಿಲ್ಲ. ಅಲ್ಲಿ ಆ ಪುಟದಲ್ಲಿ ಅದನ್ನು ನೋಡಲು ಒಪ್ಪುವವರಿಲ್ಲ. ಮೊರಾಗ್ ಈಗಲೂ ಕ್ಲೋಸಿನಲ್ಲಿ ನನ್ನ ಪೂರ್ತಿ ಹೆಸರು ಹಿಡಿದು ಕರೆಯುತ್ತಾಳೆ. ಉತ್ತರಿಸುತ್ತೇನೆ, ಒಳಗೆ ಹೋಗುವುದಿಲ್ಲ.

ಕಳೆದ ಭಾನುವಾರ ಗೋದಿ ತಂದು ನೀರು ಚಿಮುಕಿಸಿ, ಮುಚ್ಚಿಟ್ಟು, ಕುಟ್ಟಿ, ನಿಜವಾಗಿಯೂ ಪಾಯಸ ಮಾಡಿದೆ. ವಿಡಿಯೋ ಕರೆಯಲ್ಲಿ ಬಟ್ಟಲನ್ನು ಅಮ್ಮನ ಮುಖದೆದುರು ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ಗೋದಿಯಾ ತಂಗಿ," ಎಂದು ಕೇಳಿದಳು, "ಇಲ್ಲಾ ಆ ಬಾರ್ಲಿಯಾ?"