ಮೈಕಕ್ಕನ ಬಲಗಿವಿ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಸಾಲಂಗಡಿಗಳಲ್ಲಿ ಒಂದರ ಶಟರು ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಹತ್ತಡಿ ಉದ್ದ, ಏಳಡಿ ಅಗಲದ ಕೋಣೆ. ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ನಡುವೆ ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ಮೈಕಿಗೆ ಪಾಠ ಹೇಳಿಕೊಡುವವರ ಹಾಗೆ ಬಿಡಿಬಿಡಿಯಾಗಿ ಮಾತಾಡುತ್ತಿದ್ದಾರೆ. "ಪಾತ್ರೆ. ಪರದೆ. ಸಾಬೂನು. ಸೂಜಿ." ಆಮೇಲೆ ಬಾಯಿ ಮುಚ್ಚಿ, ಒಂಟಿ ಇಯರ್‌ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಾರೆ. ಪೂರಾ ಒಂದು ನಿಮಿಷ ಅಲ್ಲಾಡುವುದಿಲ್ಲ.

"ಪ ಅಂದಾಗ ಗಾಳಿ ಬಡಿಯುತ್ತಾ, ಸ ಅಂದಾಗ ಕಿವಿಗೆ ಚುಚ್ಚುತ್ತಾ ನೋಡ್ಬೇಕು. ಆಮೇಲೆ ಸುಮ್ನಿರ್ಬೇಕು. ಮೈಕಿನ ಬಣ್ಣ ಬಯಲಾಗೋದು ನಾವು ಸುಮ್ನಿದ್ದಾಗಲೇ" ಎನ್ನುತ್ತಾರೆ. ಎಂಟಕ್ಕೆ ಪಕ್ಕದಲ್ಲಿ ತಗಡು ಕತ್ತರಿಸುವ ಅಂಗಡಿ ಬಾಗಿಲು ತೆಗೆಯುತ್ತದೆ. ಅದಾದ ಮೇಲೆ ಈ ಕೆಲಸ ಆಗದು. ಹಾಗಾಗಿ ರಿಪೇರಿಯಾದ, ಹಳೆಯ, ಹೊಸ ಮೈಕುಗಳನ್ನೆಲ್ಲ ಕೇಳಿ ನೋಡುವುದು ಈ ಎರಡೂವರೆ ಗಂಟೆಯಲ್ಲೇ.

ಸುತ್ತಲಿನವರಿಗೆ ಇವರು ಮೈಕಕ್ಕ. ವಯಸ್ಸು ನಲವತ್ತೈದು. ಹದಿನೆಂಟಕ್ಕೆ ಟೆಲಿಫೋನ್ ರಿಸೀವರ್ ತಯಾರಿಸುವ ಕಾರ್ಖಾನೆ ಸೇರಿದರು. ಬೆಸುಗೆ ಹಾಕುತ್ತಿದ್ದವರನ್ನು ಮೇಲ್ವಿಚಾರಕರು ಎರಡೇ ವರ್ಷದಲ್ಲಿ ಪರೀಕ್ಷೆಯ ಮೇಜಿಗೆ ಕೂರಿಸಿದರು. ದಿನಕ್ಕೆ ನಾನೂರು ರಿಸೀವರ್ ಕಿವಿಗಿಟ್ಟುಕೊಂಡು ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಮಾಡುವ ಕೆಲಸ. ಹನ್ನೆರಡು ವರ್ಷದ ನಂತರ ಕಾರ್ಖಾನೆ ಮುಚ್ಚಿತು. ಸಭಾಂಗಣಗಳ ಕೆಟ್ಟ ಮೈಕುಗಳನ್ನು ಮನೆಗೆ ತಂದು ರಿಪೇರಿ ಮಾಡಿಕೊಡುತ್ತ, ಕೊನೆಗೆ ಈ ಅಂಗಡಿ ಹಿಡಿದರು. ಸಿಟಿ ಬಸ್ಸಿನ ಚಾಲಕರಾದ ಗಂಡ ರಜೆಯ ದಿನ ಬಂದು ಗೋಡೆಗೆ ಹಾಸಿಗೆ ಬಡಿದುಕೊಟ್ಟರು.

ಐದಾರು ವರ್ಷದಿಂದ ಬರುವ ಗಿರಾಕಿಗಳೇ ಬೇರೆ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು, ಪಾಠ ಹೇಳುವವರು, ಕತೆ ಓದುವವರು. ಹೆಚ್ಚಿನವರು ಎಲ್ಲೋ ನೋಡಿದ ದುಬಾರಿ ಮೈಕಿನ ಹೆಸರನ್ನು ಚೀಟಿಯಲ್ಲಿ ಬರೆದು ತರುತ್ತಾರೆ. ಮೈಕಕ್ಕ ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟು, ನಿಮ್ಮ ಕೋಣೆ ಹೇಗಿದೆ ಎಂದು ಕೇಳುತ್ತಾರೆ. ರಸ್ತೆ ಎಷ್ಟು ದೂರ, ಫ್ಯಾನು ಸದ್ದು ಮಾಡುತ್ತದೆಯೇ, ಗೋಡೆ ಬೋಳಾಗಿದೆಯೇ. ಮನೆಗೆ ಹೋಗಿ ಆ ಕೋಣೆಯಲ್ಲಿ ಒಂದು ನಿಮಿಷ ಸುಮ್ಮನೆ ಕೂತು, ಆ ಸುಮ್ಮನಿದ್ದದ್ದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ ಎಂದು ಕಳಿಸುತ್ತಾರೆ.

"ದಿನಕ್ಕೆ ಎಂಟು ಹತ್ತು ಜನ ಬರ್ತಾರೆ. ಕೊಳ್ಳೋರು ವಾರಕ್ಕೆ ಇಬ್ಬರು. ಉಳಿದವರಿಗೆ ಮೈಕ್ ಇರ್ಲಿ, ಮೊದ್ಲು ಕಿಟಕಿಗೆ ಕಂಬಳಿ ಹಾಕಿ ಅಂತೀನಿ. ನಮ್ಮ ಯಜಮಾನರು ನೀನು ಕಂಬಳಿ ಅಂಗಡಿ ಇಟ್ಟಿದ್ರೆ ಉದ್ಧಾರ ಆಗ್ತಿದ್ದೆ ಅಂತಾರೆ."

ಅವರ ಲೆಕ್ಕದಲ್ಲಿ ಮೈಕುಗಳು ಎರಡೇ ಜಾತಿ. ಒಂದು ಚುರುಕು ಕಿವಿಯದು. ಉಸಿರಿನ ಎಳೆಯನ್ನೂ ಹಿಡಿಯುತ್ತದೆ, ಜತೆಗೆ ಪಕ್ಕದ ಮನೆಯ ಜಗಳವನ್ನೂ. ಇನ್ನೊಂದು ಮಂದ ಕಿವಿಯದು. ಬಾಯಿ ಹತ್ತಿರ ತಂದರಷ್ಟೇ ಕೇಳಿಸಿಕೊಳ್ಳುತ್ತದೆ, ದೂರದ ಗದ್ದಲವನ್ನು ಕಿವಿಗೆ ಹಾಕಿಕೊಳ್ಳುವುದೇ ಇಲ್ಲ. ಹೊಸಬರಿಗೆ, ಅದರಲ್ಲೂ ಬೀದಿ ಬದಿಯ ಮನೆಯವರಿಗೆ, ಎರಡನೆಯದೇ ವಾಸಿ. ಬೆಲೆಯೂ ಕಡಿಮೆ.

ಇಂಥವರ ಕಿವಿಯೇ ಕಳೆದ ವರ್ಷ ಕೈಕೊಟ್ಟಿತು.

ಚಳಿ ಶುರುವಾಗುವ ಹೊತ್ತು. ಬಲಗಿವಿಗೆ ಬರುವ ದನಿಗಳು ಹತ್ತಿಯೊಳಗಿಂದ ಬಂದ ಹಾಗೆ ಕೇಳತೊಡಗಿದವು. ಮೈಕಕ್ಕ ಮೊದಲು ಇಯರ್‌ಫೋನಿನ ಮೇಲೆ ತಪ್ಪು ಹೊರಿಸಿ ವೈರು ಬದಲಾಯಿಸಿದರು. ಆಮೇಲೆ ಮೈಕುಗಳನ್ನು ಅನುಮಾನಿಸಿದರು. ಎಡಗಿವಿಗೆ ಇಟ್ಟು ನೋಡಿದಾಗ, ಕೆಟ್ಟಿರುವುದು ತಮ್ಮ ಬಲಗಿವಿಯೇ ಎಂದು ಗೊತ್ತಾಯಿತು. ಗೊತ್ತಾದ ಮೇಲೆ, ನಾಳೆ ಅದೂ ಮಂದವಾಗಿದ್ದರೆ ಎಂಬ ಅಂಜಿಕೆಗೆ, ಎಡಗಿವಿಗೆ ಇಡುವುದನ್ನೇ ಬಿಟ್ಟರು.

ಅದಕ್ಕೆ ಕಾರಣ ಮನೆಯಲ್ಲಿರುವ ತಾಯಿ. ಅವರಿಗೆ ನಲವತ್ತೈದರ ಸುಮಾರಿಗೆ ಎರಡೂ ಕಿವಿ ಹೋದವು. ಮೈಕಕ್ಕನಿಗೆ ಆಗ ನಲವತ್ನಾಲ್ಕು. ಅಮ್ಮನದೇ ತನಗೂ ಬಂತು ಎಂದು ತೀರ್ಮಾನಿಸಿಬಿಟ್ಟರು. ಗಂಡನಿಗೂ ಬಾಯಿ ಬಿಡಲಿಲ್ಲ. ವೈದ್ಯರ ಹತ್ತಿರ ಹೋದರೆ ಅವರು ಹೌದು ಅಂದುಬಿಟ್ಟಾರು ಎಂಬ ಭಯ. "ಕೇಳಿಸದಿದ್ರೆ ನಾನು ಯಾರು? ಇದೊಂದೇ ಅಲ್ವಾ ನಂಗೆ ಬರೋದು" ಎಂದು ಈಗ ಹೇಳುವಾಗಲೂ ಅವರ ಕೈ ತಾನಾಗಿ ಕಿವಿಯತ್ತ ಹೋಗುತ್ತದೆ. ಮನೆಯಲ್ಲಿ ತಾಯಿ "ಏನು?" ಅಂದರೆ ಮಗಳೂ "ಏನು?" ಅನ್ನುವ ಸ್ಥಿತಿ. ನಾಲ್ಕು ತಿಂಗಳು ಹೀಗೆ ಕಳೆಯಿತು. ಅಂಗಡಿ ಮಾತ್ರ ತೆರೆದೇ ಇತ್ತು.

ಆ ದಿನಗಳಲ್ಲೇ ನರ್ಸಮ್ಮ ಬಂದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಅರವತ್ಮೂರು ವರ್ಷ. ಸೂಜಿ ಚುಚ್ಚಿದ್ದೇ ಗೊತ್ತಾಗದ ಹಾಗೆ ಮಾತಾಡಿಸುತ್ತಿದ್ದ ದನಿ ಅವರದು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡಿಸುವ ಗ್ರಂಥಾಲಯವೊಂದು ಹತ್ತು ನಿಮಿಷದ ಮಾದರಿ ಕಳಿಸಿ ಎಂದಿತ್ತು. ನರ್ಸಮ್ಮನ ಕೈಯಲ್ಲೂ ಚೀಟಿ ಇತ್ತು. ಮೈಕಕ್ಕ ಎಂದಿನಂತೆ ಅದನ್ನು ಮಡಚಿಟ್ಟು, ಅದರ ಕಾಲು ಭಾಗದ ಬೆಲೆಗೆ ಒಂದು ಹಳೆಯ ಮೈಕು ಕೊಟ್ಟರು, ಅವರ ಮೆಲುದನಿಗೆ ಹೊಂದೀತೆಂದು ಚುರುಕು ಕಿವಿಯದು. ಕೇಳಿ ನೋಡಿಯೇ ಕೊಟ್ಟರು, ಬಲಗಿವಿಯಲ್ಲಿ.

ಎರಡು ವಾರಕ್ಕೆ, ಬೆಳಿಗ್ಗೆ ಏಳಕ್ಕೇ, ನರ್ಸಮ್ಮ ಮೈಕು ಹಿಡಿದು ವಾಪಸು ಬಂದರು. ದನಿ ಚೆನ್ನಾಗಿದೆ, ಆದರೆ ಉದ್ದಕ್ಕೂ ಸುಯ್ಯೆನ್ನುವ ಸದ್ದಿದೆ, ಹತ್ತು ದಿನದೊಳಗೆ ಇನ್ನೊಮ್ಮೆ ಕಳಿಸಿ, ಅದೇ ಕೊನೆ ಎಂದು ಗ್ರಂಥಾಲಯ ತಿಳಿಸಿತ್ತು. ಮೈಕಕ್ಕ ಅವರೆದುರಿಗೇ ಮತ್ತೆ ಪರೀಕ್ಷಿಸಿ, ಯಾವ ಸದ್ದೂ ಇಲ್ಲವಲ್ಲ ಎಂದರು. ನರ್ಸಮ್ಮ ಇಯರ್‌ಫೋನು ಇಸಿದುಕೊಂಡು ತಮ್ಮ ಕಿವಿಗಿಟ್ಟುಕೊಂಡರು. ನಲ್ಲಿ ಬಿಟ್ಟ ಹಾಗೆ ಸದ್ದು. ಅವರು ವಾದ ಮಾಡಲಿಲ್ಲ. ಮೇಜು ಸುತ್ತಿ ಮೈಕಕ್ಕನ ಬಲಕ್ಕೆ ಬಂದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಏನೋ ಕೇಳಿದರು. ಮೈಕಕ್ಕ ವೈರು ಸುತ್ತುತ್ತಲೇ ಇದ್ದರು.

ಆಗ ನರ್ಸಮ್ಮ ಎದುರಿಗೆ ಬಂದು ಕೂತರು. "ನೀನು ನನ್ನ ಮಾತು ಕೇಳ್ತಿಲ್ಲಮ್ಮ, ತುಟಿ ನೋಡ್ತಿದ್ದೀಯ. ಮೈಕ್ ಆಮೇಲೆ ನೋಡೋಣ. ಎಷ್ಟು ದಿನದಿಂದ ಹೀಗಿದೆ?"

ಅಂಗಡಿ ಹಿಡಿದ ಮೇಲೆ ಅಲ್ಲಿ ಕೂತು ಅತ್ತದ್ದು ಅದೇ ಮೊದಲು ಎನ್ನುತ್ತಾರೆ ಮೈಕಕ್ಕ. ಅತ್ತು ಮುಗಿದ ಮೇಲೆ ನರ್ಸಮ್ಮ ಶಟರು ಎಳೆಸಿ, ಆಟೋ ಹತ್ತಿಸಿ, ತಮಗೆ ಪರಿಚಯವಿದ್ದ ಕಿವಿ ವೈದ್ಯರ ಹತ್ತಿರ ಕರೆದೊಯ್ದರು.

ವೈದ್ಯರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಹೇರ್‌ಪಿನ್ ಹಾಕುವ ಅಭ್ಯಾಸ ಇದೆಯಾ ಎಂದು ಕೇಳಿದರು. ಇತ್ತು. ದಿನವೂ ಗಂಟೆಗಟ್ಟಲೆ ಇಯರ್‌ಫೋನು ಒತ್ತಿಕೊಂಡಿರುವ ಕಿವಿ ಕೆರೆದಾಗೆಲ್ಲ ಪಿನ್ನು ಹಾಕಿ ತಿರುಗಿಸುವುದು. ಗುಗ್ಗೆ ಹೊರಗೆ ಬರುವ ಬದಲು ಒಳಕ್ಕೆ ಹೋಗಿ, ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಎರಡು ದಿನ ಹನಿ ಹಾಕಿಸಿ ಮೂರನೆಯ ದಿನ ತೊಳೆದು ತೆಗೆದರು. ಟ್ರೇಯಲ್ಲಿ ಬಟಾಣಿಯಷ್ಟು ದೊಡ್ಡ ಕಪ್ಪು ಉಂಡೆ.

"ಮೊದ್ಲು ಕೇಳಿಸಿದ್ದು ಮೇಲಿನ ಟ್ಯೂಬ್‌ಲೈಟು. ಗುಂಯ್ ಅಂತಿತ್ತು. ಡಾಕ್ಟ್ರೇ, ನಿಮ್ಮ ಟ್ಯೂಬ್‌ಲೈಟ್ ಹೋಗೋಕೆ ಬಂದಿದೆ, ಬದಲಾಯಿಸಿ ಅಂದೆ. ಅವರು ಬರೀತಿದ್ದ ಪೆನ್ನಿನ ಸದ್ದೂ ಕೇಳ್ತಿತ್ತು. ನಂಗೆ ಎದ್ದು ಕುಣಿಯೋ ಹಾಗಾಯ್ತು."

ವೈದ್ಯರು ಅಲ್ಲಿಗೇ ಬಿಡದೆ ಎರಡೂ ಕಿವಿಗಳ ಪರೀಕ್ಷೆ ಮಾಡಿಸಿದರು. ಏನೂ ದೋಷವಿಲ್ಲ. ತಾಯಿಯ ವಿಷಯವನ್ನೂ ವಿಚಾರಿಸಿದರು. ಅವರಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು, ಔಷಧಿ ಕಂಡಿದ್ದಿಲ್ಲ. ಅದು ಮಗಳಿಗೆ ಬರುವಂಥ ಕಾಯಿಲೆಯಲ್ಲ ಎಂದು ವೈದ್ಯರು ಬಿಡಿಸಿ ಹೇಳಿದಾಗ, ನಾಲ್ಕು ತಿಂಗಳಿಂದ ಎದೆ ಮೇಲೆ ಕೂತಿದ್ದದ್ದು ಇಳಿದುಹೋಯಿತು. ಆ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದರು. ಅವರು, "ಕರೆದ್ರೂ ತಿರುಗಿ ನೋಡ್ತಿರ್ಲಿಲ್ಲ. ನನ್ನ ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ" ಎಂದರಂತೆ. ನಿರಾಳವಾದದ್ದು ಇಬ್ಬರಿಗೂ.

ನರ್ಸಮ್ಮನಿಗೆ ಉಳಿದಿದ್ದದ್ದು ಆರು ದಿನ. ಮೈಕಕ್ಕ ಮೂರು ಮೈಕುಗಳನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೇ ಹೋದರು. ಮುಂದಿನ ಕೋಣೆಯಲ್ಲಿ ಬೀದಿಯ ಹಾರ್ನು. ಹಿಂದಿನದರಲ್ಲಿ ಮಹಡಿಯ ನೀರಿನ ಪಂಪು. ಕೊನೆಗೆ ಹಾಸಿಗೆ, ಹಳೆಯ ಬಟ್ಟೆ ತುಂಬಿಟ್ಟ ಸಾಮಾನು ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿದರು. ಸದ್ದು ಅಲ್ಲೇ ಇಂಗಿತು. ಮೂರು ಮೈಕಿನಲ್ಲೂ ನರ್ಸಮ್ಮನಿಂದ ಒಂದೇ ಪುಟ ಓದಿಸಿ, ಯಾವುದು ಯಾವ ಮೈಕಿನದೆಂದು ಹೇಳದೆ ಕೇಳಿಸಿದರು. ನರ್ಸಮ್ಮ ಆರಿಸಿದ್ದು ಮೂರರಲ್ಲಿ ತೀರಾ ಅಗ್ಗದ, ಮಂದ ಕಿವಿಯ ಮೈಕನ್ನು. ಬಾಯಿಗೆ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಕೊಂಚ ಓರೆಯಾಗಿ ಅದನ್ನು ನಿಲ್ಲಿಸಿಕೊಟ್ಟು ಮೈಕಕ್ಕ ಹೊರಟುಬಂದರು. ಮಾದರಿ ಕಳಿಸಿದ ಐದನೆಯ ದಿನ ಗ್ರಂಥಾಲಯ ಒಪ್ಪಿತು, ಜತೆಗೆ ಮೊದಲ ಪುಸ್ತಕವನ್ನೂ ಕಳಿಸಿತು.

ಅಷ್ಟಕ್ಕೇ ಮುಗಿಸಬಹುದಿತ್ತು. ಮೈಕಕ್ಕ ಮುಗಿಸಲಿಲ್ಲ. ಆ ನಾಲ್ಕು ತಿಂಗಳಲ್ಲಿ ಮೈಕು ಒಯ್ದವರು ಮೂವತ್ತೊಂದು ಜನ. ಒಬ್ಬೊಬ್ಬರಿಗೂ ಫೋನು ಮಾಡಿ, ನನ್ನ ಕಿವಿ ಸರಿಯಿರಲಿಲ್ಲ, ಒಂದು ಸಲ ತನ್ನಿ, ಮತ್ತೆ ಕೇಳುತ್ತೇನೆ ಎಂದರು. ಹೆಸರು ಕೆಟ್ಟೀತು ಎಂದು ಗಂಡ ಹಿಂಜರಿದರು. ಇಪ್ಪತ್ತಾರು ಮೈಕುಗಳು ಸರಿಯಾಗಿಯೇ ಇದ್ದವು. ಐದನ್ನು ಬದಲಾಯಿಸಿಕೊಟ್ಟರು. ಬಯ್ದವನು ಒಬ್ಬನೇ, ಅವನ ಮೈಕು ಚೆನ್ನಾಗಿಯೇ ಇತ್ತು. "ಅವತ್ತು ರಾತ್ರಿ ಬಿದ್ದ ನಿದ್ದೆ ಇದೆಯಲ್ಲ, ಕಿವಿ ಪಕ್ಕ ಡೋಲು ಬಾರಿಸಿದ್ರೂ ಏಳ್ತಿರ್ಲಿಲ್ಲ" ಎಂದು ನಗುತ್ತಾರೆ.

ನರ್ಸಮ್ಮ ಈಗ ಮೂರನೆಯ ಪುಸ್ತಕ ಓದುತ್ತಿದ್ದಾರೆ. ಇದನ್ನೆಲ್ಲ ಬರೆದುಕೊಳ್ಳಲು ಬಂದಿದ್ದ ನಾನು ಹೊರಡುವ ಮುಂಚೆ, ಇನ್ನು ನಿಮಗೆ ಏನಾಗಬೇಕು ಎಂದು ಕೇಳುತ್ತೇನೆ. ದೊಡ್ಡ ಅಂಗಡಿ, ಹೊಸ ಯಂತ್ರ, ಅಂಥದ್ದೇನೋ ಹೇಳಿಯಾರು ಎಂದುಕೊಂಡಿದ್ದೆ. ಮೈಕಕ್ಕ ಇಯರ್‌ಫೋನನ್ನು ಮೇಜಿನ ಮೇಲಿಟ್ಟು ಹೇಳುತ್ತಾರೆ.

"ಇಷ್ಟು ವರ್ಷ ಎಲ್ಲರದ್ದೂ ಬರೀ ಒಂದು ನಿಮಿಷ ಕೇಳಿದ್ದೀನಿ. ಸದ್ದು ಇದೆಯಾ ಇಲ್ವಾ, ಅಷ್ಟೇ. ಅವರು ಏನು ಹೇಳಿದ್ರು ಅಂತ ಕೇಳ್ದೋಳೇ ಅಲ್ಲ. ನರ್ಸಮ್ಮ ಓದಿರೋ ಪುಸ್ತಕ ಒಂದಿದೆಯಂತೆ, ಒಂಬತ್ತು ಗಂಟೆ. ಒಂದು ಭಾನುವಾರ ಅಂಗಡಿ ಮುಚ್ಚಿ, ಮಲಗಿಕೊಂಡು, ಅದನ್ನ ಮೊದಲಿಂದ ಕೊನೇವರೆಗೂ ಕೇಳ್ಬೇಕು. ಕತೆ ಏನಾಗುತ್ತೆ ಅಂತ ನೋಡ್ಬೇಕು."