ತಂತಿ ಕಿತ್ತ ಬಟನ್

ಶಕುನ, ಕೈಗುಣ, ದೆವ್ವ ಇವನ್ನೆಲ್ಲ ನಾನು ನಂಬಿದವನಲ್ಲ. ಯಲ್ಲಾಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು. ಯಾರಾದರೂ ಇಂಥ ಕತೆ ತೆಗೆದರೆ ಮುಲಾಜಿಲ್ಲದೆ ನಕ್ಕುಬಿಡುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಕಿರವತ್ತಿಯ ಖಾದರ್ ಭಾಯಿ ನನ್ನ ಹಾಗೆಯೇ ಮನೆಯಲ್ಲಿ ಕೂತು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು ಹತ್ತಿಸಿಕೊಂಡವರು. ಲಾರಿ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೆ ಮನೆ ಬಿಟ್ಟು ಹೊರಡುವುದು ನಿಂತಿತು, ರೇಡಿಯೋದ ಮಾತೂ ನಿಂತಿತು. ಅವರ ಹಳೆಯ ಸೆಟ್ಟಿನಲ್ಲಿ ಎಲ್ಲವನ್ನೂ ಪರದೆ ನೋಡಿಯೇ ಮಾಡಬೇಕು. ಕೈಯಲ್ಲಿ ತಡವಿ ಗುರುತಿಸುವಂಥ ನಾಲ್ಕು ದಪ್ಪ ಬಟನ್ ಇಟ್ಟು ಹೊಸದೊಂದು ಕಟ್ಟಿಕೊಡುತ್ತೇನೆ ಎಂದು ನಾನೇ ಮೈಮೇಲೆ ಎಳೆದುಕೊಂಡೆ. ಮತ್ತೆ ಗೆಳೆಯರೊಡನೆ ಮಾತಾಡುವಂತಾದರೆ ಚೇತರಿಸಿಕೊಂಡಾರು ಎಂಬ ಆಸೆ.

ಬಿಡಿಭಾಗಗಳ ಕಿಟ್ ತರಿಸಿ ಜೋಡಿಸಿದೆ. ಬಟನ್‌ಗಳು ಮಾತ್ರ ಕೇಳಲಿಲ್ಲ. ಒತ್ತಿ ಹಿಡಿದು ಮಾತಾಡುವ ಬಟನ್ ಒತ್ತಿದರೆ ಸ್ಟೇಷನ್ ಬದಲಾಗುತ್ತಿತ್ತು. ಯಾವ ಬಟನ್ ಒತ್ತಿದ್ದು ಎಂಬುದನ್ನು ಸೆಟ್ಟು ಅದರ ಹಿಂದಿನ ರೆಸಿಸ್ಟರ್ ಎಂಬ ಬಣ್ಣದ ಪಟ್ಟಿಗಳ ಪುಟ್ಟ ತುಣುಕಿನಿಂದ ಗುರುತಿಸುತ್ತದೆ. ನನ್ನ ಮುದಿಗಣ್ಣಿಗೆ ಕೆಂಪು ಪಟ್ಟಿ, ಕಂದು ಪಟ್ಟಿ ಒಂದೇ ಥರ ಕಂಡು ರೆಸಿಸ್ಟರ್‌ಗಳು ಅದಲುಬದಲಾಗಿದ್ದವು. ಸರಿಪಡಿಸಿದೆ. ಮೂರು ಬಟನ್ ದಾರಿಗೆ ಬಂದವು, ಮಾತಾಡುವ ಬಟನ್ ಬರಲಿಲ್ಲ. ಬಟನ್ನೇ ಬದಲಿಸಿದೆ, ಬೆಸುಗೆ ಮತ್ತೆ ಹಾಕಿದೆ. ಐದು ದಿನ ಇದೇ ಆಯಿತು. ಸೊಂಟ ಹಿಡಿದುಹೋಯಿತು, ಖಾದರ್ ಭಾಯಿಗೆ ಏನು ಹೇಳಲಿ ಎಂಬ ಚಿಂತೆ ಬೇರೆ.

ಆರನೆಯ ದಿನ ಬೇಸತ್ತು ಆ ಬಟನ್ನಿನ ಎರಡೂ ತಂತಿ ಕಿತ್ತು, ಉಳಿದ ಮೂರನ್ನು ನೋಡಲೆಂದು ಸೆಟ್ಟು ಚಾಲೂ ಮಾಡಿದೆ.

"ಊಟಕ್ಕೆ ಬತ್ರಾ ಇಲ್ಯಾ?" ಎಂದು ಹೆಂಡತಿ ಮೂರನೆಯ ಸಲ ಕರೆದಳು. ಆರಿಸದೆಯೇ ಎದ್ದು ಹೋದೆ.

ಊಟ ಮುಗಿಸಿ ಬಂದರೆ ಖಾದರ್ ಭಾಯಿ ಮೇಜಿನ ಮುಂದೆ ಕೂತಿದ್ದರು. ಅವರ ಹೆಂಡತಿ ಬಸ್ಸಿನಲ್ಲಿ ಕರೆತಂದಿದ್ದರು.

"ನನ್ನ ಸಲುವಾಗಿ ಭಾಳ ದಣದೀರಿ ಮಾಸ್ತರ್ರ. ಆಗದಿದ್ರ ಬಿಟ್ಟುಬಿಡ್ರಿ," ಎನ್ನುತ್ತಲೇ ಬೆರಳಾಡಿಸಿ ಆ ಬಟನ್ನನ್ನೇ ಒತ್ತಿದರು.

ಮಾತು ಹೊರಗೆ ಹೋಗುತ್ತಿದೆ ಎಂದು ತೋರಿಸುವ ಕೆಂಪು ದೀಪ ಹತ್ತಿತು. ಅವರು ಅಭ್ಯಾಸಬಲದಿಂದ, ರೇಡಿಯೋದಲ್ಲಿ ತಮ್ಮ ಹೆಸರಿನಂತಿರುವ ಕರೆಗುರುತು ಹೇಳಿದರು. ಹುಬ್ಬಳ್ಳಿಯ ಹಳೆಯ ಗೆಳೆಯರೊಬ್ಬರ ದನಿ ಬಂತು: "ಖಾದರ್ ಭಾಯಿ, ಎಲ್ಲಿ ಹೋಗಿದ್ರಿ ಇಷ್ಟ್ ದಿನ?"

ಖಾದರ್ ಭಾಯಿ ಅಳುತ್ತ ಮಾತಾಡುತ್ತಿದ್ದರು. ನಾನು ಕಿತ್ತ ತಂತಿಗಳನ್ನು ನೋಡುತ್ತಿದ್ದೆ. ಎರಡರ ತುದಿಗಳೂ ಮೇಜಿನ ಮೇಲೆ, ಬಟನ್ನಿನಿಂದ ಗೇಣು ದೂರ ಬಿದ್ದಿದ್ದವು. ಅವರು ಕೈ ತೆಗೆದ ಮೇಲೆ ನಾನು ಒತ್ತಿದೆ. ಏನೂ ಆಗಲಿಲ್ಲ. "ಇನ್ನೊಮ್ಮೆ ಒತ್ರಿ" ಎಂದೆ. ಅವರು ಒತ್ತಿದರು, ದೀಪ ಹತ್ತಿತು.

ತಂತಿ ಬೆಸೆಯಲೆಂದು ಸೋಲ್ಡರಿಂಗ್ ಐರನ್ ಕಾಯಿಸಿದೆ. ಕೈ ಬರಲಿಲ್ಲ. ಹಾಗೆಯೇ ಮುಚ್ಚಳ ಹಾಕಿ, ಸ್ಕ್ರೂ ಬಿಗಿದು ಕೊಟ್ಟೆ.

ಒಳಗೆ ಬೇರೆಲ್ಲೋ ವಿದ್ಯುತ್ತಿಗೆ ದಾರಿ ಸಿಕ್ಕಿರಬಹುದು ಎಂದು ಯೋಚಿಸಿ ಯೋಚಿಸಿ ಸೋತಿದ್ದೇನೆ. ಹಾಗಿದ್ದರೆ ನನ್ನ ಬೆರಳು ಏನು ತಪ್ಪು ಮಾಡಿತ್ತು? ಖಾದರ್ ಭಾಯಿ ಈಗಲೂ ದಿನಾ ಸಂಜೆ ಅದರಲ್ಲೇ ಮಾತಾಡುತ್ತಾರೆ, ನಗುತ್ತಾರೆ. ಮೊನ್ನೆ, "ಮುಚ್ಚಳ ತೆಗದು ಧೂಳ ಹೊಡಸೋಣೇನ್ರಿ?" ಎಂದು ಕೇಳಿದರು. ಬೇಡ ಎಂದೆ. ತಂತಿಯ ವಿಷಯ ಅವರಿಗೆ ಇಂದಿಗೂ ಹೇಳಿಲ್ಲ. ಹೇಳಿದ ದಿನವೇ ಆ ದೀಪ ಹತ್ತದೆ ಹೋದೀತು ಎಂದು ನನಗೆ ಹೆದರಿಕೆ.