ಬರೆಯದ ಅರ್ಥಕ್ಕೆ ಪರವಾನಗಿ

ಹೊನ್ನಾವರದ ಅರ್ಧ ಊರು ಆಗ ನನ್ನ ಗಂಟಲಲ್ಲೇ ಬಿಡಾರ ಹೂಡಿತ್ತು. ನಾನು ಕಾರಕೂನನಾಗಿದ್ದ ವಕೀಲರ ಕೆಮ್ಮು, ಶರಾವತಿ ದಾಟಿಸುವ ಲಾಂಚಿನವನ ಕೂಗು, ನಶ್ಯ ಏರಿಸಿಕೊಂಡು ತೀರ್ಪು ಓದುವ ಮ್ಯಾಜಿಸ್ಟ್ರೇಟರ ಮೂಗಿನ ರಾಗ, ಯಾವುದನ್ನು ಕರೆದರೂ ಬರುತ್ತಿತ್ತು. ನನ್ನನ್ನು ನಾನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಲ್ಲಿ ಅವಲಕ್ಕಿ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದನ್ನು, ಆ ಮನೆಯವರಿಂದ 'ಬೇಡ' ಎಂಬ ಉತ್ತರ ಬರುವ ಮೊದಲೇ ಕಚೇರಿಯಲ್ಲಿ ಮಾಡಿ ತೋರಿಸಿದ್ದೆ. ವಕೀಲರು ನಕ್ಕು ನಕ್ಕು ಕೆಮ್ಮಿದರು. ಅವರು ಕೆಮ್ಮಿದ ಹಾಗೆ ನಾನೂ ಕೆಮ್ಮಿದೆ. ಆಮೇಲೆ ಬೈಸಿಕೊಂಡೆ.

ಆ ವರ್ಷ ಹಿಮಾಲಯದ ಗಡಿಯಲ್ಲಿ ಯುದ್ಧ ಬಂತು. ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸಿದರು. ಅದರ ಬೆನ್ನಿಗೇ ಅವರ ಇನ್ನೊಂದು ಆಜ್ಞೆ: ದೇಶರಕ್ಷಣೆಯ ಕಾನೂನಿನಡಿ ಹಿಡಿದಿಟ್ಟವರು ತಮ್ಮ ಹಕ್ಕಿಗೆ ಭಂಗ ಬಂತೆಂದು ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತುವಂತಿಲ್ಲ. ವಕೀಲರು ಪೇಪರು ಓದಿ ಕನ್ನಡಕ ತೆಗೆದಿಟ್ಟರು. ಅಡಿಕೆತೋಟದ ಸೀಮೆಯವರು ಅವರು. ಕೋರ್ಟಿನಲ್ಲಿ ಇಂಗ್ಲೀಷು, ಕಚೇರಿಯಲ್ಲಿ ಪುಸ್ತಕದ ಕನ್ನಡ, ಗಾಬರಿಯಾದಾಗ ಮಾತ್ರ ಮನೆಮಾತು.

"ಬಾಗ್ಲು ಇದ್ದು ಮಾಣಿ," ಅಂದರು. "ಒಳಗೆ ಹೋಪ್ಲಿಲ್ಲೆ."

ಬಾಗಿಲಿದೆ, ಒಳಗೆ ಹೋಗುವಂತಿಲ್ಲ ಎಂದು ಮನೆಮಾತು ಹೊರಟಿತೆಂದರೆ ಸಂಗತಿ ಸಣ್ಣದಲ್ಲ. ಆದರೂ ಅದು ದಿಲ್ಲಿಯ ಸಂಗತಿ, ದೊಡ್ಡವರ ಸಂಗತಿ ಎಂದುಕೊಂಡು ನಾನು, ತಿಂಗಳು ಕಳೆದ ಮೇಲೆ ಒಂದು ಭಾನುವಾರ, ಮಂಕಿಗೆ ಹೊರಟೆ. ಅದು ನನ್ನ ಊರು, ಅಲ್ಲಿ ತಾಳಮದ್ದಲೆ ಇತ್ತು.

ತಾಳಮದ್ದಲೆಗೆ ವೇಷವಿಲ್ಲ, ಕುಣಿತವಿಲ್ಲ. ಉಟ್ಟ ಪಂಚೆಯಲ್ಲೇ ಕೂತು ಮಾತಾಡುವುದು. ಭಾಗವತರು ಒಂದು ಪದ್ಯ ಹಾಡುತ್ತಾರೆ. ಪದ್ಯ ಹಳೆಯದು, ಎಲ್ಲರಿಗೂ ಬಾಯಿಗೆ ಬರುವಂಥದು. ಆ ಪದ್ಯಕ್ಕೆ ಪಾತ್ರಧಾರಿ ಸ್ವಂತ ಮಾತಿನಲ್ಲಿ ಹೇಳುವುದೇ 'ಅರ್ಥ'. ಅದನ್ನು ಯಾರೂ ಬರೆದಿಡುವುದಿಲ್ಲ, ಆ ಹೊತ್ತಿಗೆ ಹುಟ್ಟುತ್ತದೆ. ಎದುರಿನವನು ಒಂದು ಪ್ರಶ್ನೆ ಎಸೆದರೆ ಅದಕ್ಕೆ ಉತ್ತರ ಕೊಡಲೇಬೇಕು. ಕೊಡದೆ ಮುಂದಿನ ಪದ್ಯಕ್ಕೆ ಹಾರಿದವನನ್ನು ಮಂಕಿಯ ಹೆಂಗಸರು ಮಾರನೇ ದಿನ ಬಾವಿಕಟ್ಟೆಯಲ್ಲೇ ತಡೆದು ಕೇಳುತ್ತಾರೆ.

ಹೊನ್ನಾವರದ ಪೋಲೀಸ್ ಠಾಣೆಗೆ ಹೊಸದಾಗಿ ಬಂದ ಫೌಜದಾರರು ಧಾರವಾಡದ ಕಡೆಯವರು. ಆ ದಿನಗಳಲ್ಲಿ ನಾಲ್ಕು ಜನ ಸೇರುವುದಿದ್ದರೂ ಅವರ ಪರವಾನಗಿ ಬೇಕಾಗಿತ್ತು. ಕೂಟ ನಡೆಸುವ ಮಾಸ್ತರರು ನನ್ನನ್ನೂ ಕರೆದುಕೊಂಡು ಮೊದಲೇ ಅವರ ಹತ್ತಿರ ಹೋಗಿದ್ದರು. ಮಾಸ್ತರರು ನನಗೆ ಅಕ್ಷರ ಕಲಿಸಿದವರು, ಆಗ ಪೆನ್ಶನ್ನಿನಲ್ಲಿದ್ದರು. ರಾಜನ ಅರ್ಥ ಅವರದು, ಆ ರಾಜನ ಸಭೆಗೆ ಬರುವ ದೂತನ ಅರ್ಥ ನನ್ನದು.

"ಯಾರ್ಯಾರು ಏನೇನು ಮಾತಾಡತೀರಿ, ಬರಕೊಂಡು ಬರ್ರಿ," ಅಂದರು ಫೌಜದಾರರು. "ಓದಿ ಸಹಿ ಹಾಕತೀನಿ."

"ಸಾಹೇಬ್ರೆ, ಎಂತ ಹೇಳ್ತೆ ಅಂತ ಹೇಳುವವನಿಗೇ ಮೊದ್ಲು ಗೊತ್ತಿರುದಿಲ್ಲ," ಅಂದರು ಮಾಸ್ತರರು.

"ನಿಮಗ ಗೊತ್ತಿಲ್ಲದ್ದನ್ನ ಮಂದಿ ಮುಂದ ಮಾತಾಡಾಕ ನಾ ಹೆಂಗ ಪರ್ಮಿಶನ್ ಕೊಡ್ಲಿ ಗುರುಗಳ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. "ಆತು, ನಾವೇ ಬರ್ದು ಕೊಡ್ತ್ರು," ಎಂದುಬಿಟ್ಟರು ಮಾಸ್ತರರು. ನಮ್ಮ ಕರಾವಳಿಯಲ್ಲಿ ಅಪ್ಪ ಅಜ್ಜ ಯಾರೂ ಮಾಡದ ಕೆಲಸವನ್ನು ನಾವು ಮಾಡಿದೆವು. ಅರ್ಥ ಬರೆದೆವು. ರಾಜನದು ಅವರು, ದೂತನದು ನಾನು. ಬರೆದದ್ದೆಲ್ಲ ಎಷ್ಟು ಮರ್ಯಾದೆಯದಾಗಿತ್ತೆಂದರೆ, ಯುದ್ಧ ಸಾರಲು ಬಂದ ದೂತ ಮತ್ತು ಆ ರಾಜ ಮದುವೆಮನೆಯ ಬೀಗರ ಹಾಗೆ 'ನೀವು ಮೊದಲು ಕೂತ್ಕಳಿ, ನೀವು ಮೊದಲು' ಎನ್ನುತ್ತಿದ್ದರು. ಫೌಜದಾರರು ಹಾಳೆ ಹಾಳೆಗೂ ಸಹಿ ಮಾಡಿಕೊಟ್ಟರು.

ಭಾನುವಾರ ಊಟವಾದ ಮೇಲೆ ಶಾಲೆಯ ಜಗಲಿಯಲ್ಲಿ ಕೂಟ ಶುರುವಾಯಿತು. ಫೌಜದಾರರಿಗೆ ಮುಂದೆಯೇ ಕುರ್ಚಿ. ತೊಡೆಯ ಮೇಲೆ ನಮ್ಮ ಬರಹದ ನಕಲು, ಕೈಯಲ್ಲಿ ಪೆನ್ಸಿಲ್ಲು. ನಾವು ಹೇಳಿದ ಒಂದೊಂದು ಸಾಲನ್ನೂ ಪೆನ್ಸಿಲ್ಲಿನ ತುದಿ ಹಿಂಬಾಲಿಸುತ್ತಿತ್ತು. ನಾನು ಉಸಿರು ತೆಗೆದುಕೊಂಡರೆ ಅದೂ ನಿಲ್ಲುತ್ತಿತ್ತು. ಸಭೆ ಆಕಳಿಸತೊಡಗಿತು. ಕಡೆಗೆ ಕಂಬಕ್ಕೆ ಒರಗಿದ್ದ ಒಬ್ಬ ಅಜ್ಜಿ ಎಲೆಯಡಿಕೆ ಉಗಿದು ಬಂದು ಗಟ್ಟಿಯಾಗಿಯೇ ಹೇಳಿದಳು: "ಇದೆಂತ ಮಾಸ್ತರೆ, ಮಗ್ಗಿ ಒಪ್ಪಿಸ್ತ್ರಾ? ಇದ್ಕೆ ನಮ್ಮ ಮೊಮ್ಮಗ ಸಾಕಾಗಿತ್ತಲಾ!"

ಮಾಸ್ತರರ ಕಿವಿ ಕೆಂಪಾಯಿತು. ನನಗೆ ಆಗಲೇ ಹೆದರಿಕೆ. ಆ ಕಿವಿ ಕೆಂಪಾದ ದಿನಗಳಲ್ಲಿ ಶಾಲೆಯಲ್ಲಿ ಬೆತ್ತ ಮುರಿದದ್ದನ್ನು ನಾನು ಬೆನ್ನಾರೆ ಬಲ್ಲೆ. ಭಾಗವತರ ಪದ್ಯ ಮುಗಿಯುತ್ತಿದ್ದಂತೆ ಮಾಸ್ತರರು ಮುಂದಕ್ಕೆ ಬಾಗಿದರು.

"ಎಲವೋ ದೂತ! ಯುದ್ಧ ಬಂದಾಗ ನಾನು ಧರ್ಮಸಭೆಯ ಬಾಗಿಲಿಗೆ ಅಗುಳಿ ಹಾಕಿಸಿದೆ. ನ್ಯಾಯ ಕೇಳಲು ಯಾವ ಪ್ರಜೆಯೂ ಬರಕೂಡದೆಂದೆ. ರಾಜ್ಯ ಉಳಿದರೆ ತಾನೇ ನ್ಯಾಯ ಉಳಿಯುವುದು? ನನ್ನ ಅಧಿಕಾರಕ್ಕೆ ಎಲ್ಲೆ ಎಲ್ಲಿದೆ, ತೋರಿಸು ನೋಡೋಣ!"

ಪೆನ್ಸಿಲ್ಲು ಹಾಳೆಯ ಮೇಲೆ ಅತ್ತಿತ್ತ ಓಡಾಡಿತು. ಈ ಸಾಲು ಎಲ್ಲೂ ಇರಲಿಲ್ಲ. ಭಾಗವತರ ತಾಳ ಗಾಳಿಯಲ್ಲೇ ನಿಂತಿತು. ಆಕಳಿಸುತ್ತಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿ ನನ್ನನ್ನೇ ನೋಡಿದರು. ಬರೆದದ್ದಕ್ಕೆ ಹೋಗಲು ದಾರಿ ಇತ್ತು: 'ತಮ್ಮ ಚಿತ್ತ, ಮಹಾಪ್ರಭು' ಎಂಬ ಸಾಲು ಅಲ್ಲೇ ಕೆಳಗಿತ್ತು. ಅದು ನಾಲಗೆಯ ತುದಿಗೂ ಬಂದಿತ್ತು. ಹೊರಗೆ ಬಂದದ್ದು ಬೇರೆ.

"ಪ್ರಭೂ, ಯುದ್ಧ ನಿಂತಿತು. ಕತ್ತಿ ಒರೆಗೆ ಹೋಯಿತು, ಕುದುರೆ ಲಾಯಕ್ಕೆ ಹೋಯಿತು. ಧರ್ಮಸಭೆಯ ಅಗುಳಿ ಮಾತ್ರ ಏಕೆ ಸರಿಯಲಿಲ್ಲ? ಅದನ್ನು ಒಳಗಿನಿಂದ ಹಾಕಿದ್ದೀರಲ್ಲ, ತಡೆದದ್ದು ವೈರಿಯನ್ನೋ, ಪ್ರಜೆಯನ್ನೋ?"

ಗಡಿಯಲ್ಲಿ ಗುಂಡಿನ ಸದ್ದು ನಿಂತು ಆಗ ಕೆಲವು ವಾರಗಳಾಗಿದ್ದವು, ಘೋಷಣೆ ಹಾಗೇ ಇತ್ತು. ಜಗಲಿಯಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಂಬದ ಅಜ್ಜಿ "ಭಲೇ" ಅಂದಳು. ಅಷ್ಟರಲ್ಲಿ ಫೌಜದಾರರು ಎದ್ದು ನಿಂತಿದ್ದರು.

"ಇದು ಯಾವ ಹಾಳ್ಯಾಗ ಐತಿ, ತೋರಸು."

ತೋರಿಸುವುದಕ್ಕೆ ಏನಿತ್ತು? ಪಂಚೆಯ ಮೇಲೊಂದು ಅಂಗಿ ಹಾಕಿಕೊಂಡು ಪೋಲೀಸರ ನಡುವೆ ಲಾಂಚು ಹತ್ತಿದೆ. ಲಾಂಚಿನವನು ನನ್ನನ್ನು ಕಂಡು, ಎಂದಿನಂತೆ ತನ್ನ ಕೂಗನ್ನು ನಾನು ಅಣಕಿಸುತ್ತೇನೆಂದು ಕಾದ. ನನ್ನ ಗಂಟಲಲ್ಲಿ ಆಗ ನಾನೂ ಇರಲಿಲ್ಲ.

ಹೊನ್ನಾವರದ ಲಾಕಪ್ಪಿನಲ್ಲಿ ಆಗಲೇ ಒಬ್ಬರಿದ್ದರು. ಭಟ್ಕಳದ ತೆಂಗಿನಗುಂಡಿ ಬಂದರಿನಲ್ಲಿ ಮೂಟೆ ಹೊರುವವರ ಮುಖಂಡರು, ಬಾಗಿಲಿನಷ್ಟು ಅಗಲದ ಎದೆ. ಬಂದರಿನ ಸಭೆಯಲ್ಲಿ 'ಯುದ್ಧ ಸಾಕು, ಕೂತು ಮಾತಾಡಲಿ' ಎಂದಿದ್ದಷ್ಟೇ ಅವರ ಮೇಲಿದ್ದ ದೂರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇ ಅಲ್ಲನಾ ಎಲ್ರ ಹಂಗೂ ಮಾತಾಡೋ ಹುಡ್ಗ? ಫೌಜದಾರಂದು ಒಂದು ಮಾಡಾ, ಕೇಳ್ವ."

"ಈಗ ಬ್ಯಾಡ ಅಣ್ಣ."

"ಎಂತ ಮಾರಾಯ! ಸಭೆಲಿ ರಾಜಂಗೇ ಹೇಳ್ದವ, ಇಲ್ಲಿ ನಂಗೆ ಹೇಳುಕೆ ಹೆದರ್ತ್ಯಾ?" ಎಂದು ನಕ್ಕು, ಕೂರಲು ಜಾಗ ಮಾಡಿಕೊಟ್ಟರು.

ಮಾರನೇ ದಿನ ಬೆಳಿಗ್ಗೆ ವಕೀಲರು ಬಂದರು. ಕಂಬಿಯ ಆಚೆ ನಿಂತು ಅವರು ಬಾಯಿ ತೆರೆದದ್ದೇ ಮನೆಮಾತಿನಲ್ಲಿ.

"ಕೇಳು ಮಾಣಿ. ಕಾರವಾರದ ಕಲೆಕ್ಟರಿಂದ ಎರಡರಲ್ಲಿ ಒಂದು ಕಾಗದ ಬತ್ತು. ಪರವಾನಗಿ ಮುರಿದ ಅಂತ ಆರೋಪ ಹಾಕಿದ್ರೆ ನಿನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಸವು, ಸಾಕ್ಷಿ ಹೇಳ್ಸವು, ನಾ ಬಾಯಿ ಬಿಡ್ಲಕ್ಕು. ಸುಮ್ನೆ ಹಿಡಿದಿಡಿ ಅಂತ ಬಂದ್ರೆ ಸಾಕ್ಷಿ ಇಲ್ಲೆ, ವಿಚಾರಣೆ ಇಲ್ಲೆ, ಎಷ್ಟು ದಿನ ಅಂತ್ಲೂ ಇಲ್ಲೆ. ರಾಷ್ಟ್ರಪತಿ ಆಜ್ಞೆ ಇದ್ದು, ಕೋರ್ಟಿಗೆ ಹೋಪ್ಲಿಲ್ಲೆ. ಹಂಗಾಗಿ ಆರೋಪ ಹಾಕ್ಸ್ಕಳವು. ಕೈ ಮುಗ್ದು ಕೇಳು!"

ಹಾಗೆ, 'ದಯವಿಟ್ಟು ನನ್ನ ಮೇಲೆ ಕೇಸು ಹಾಕಿ' ಎಂದು ಫೌಜದಾರರ ಕಾಲು ಹಿಡಿದ ಮೊದಲ ಕಳ್ಳ ನಾನೇ ಇರಬೇಕು. ಅವರು ನನ್ನನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡಿದ್ದರು.

"ಆ ಮಾತು ಯಾರದಲೇ?"

"ದೂತಂದು, ಸಾಹೇಬ್ರೆ."

"ದೂತ ಈಗೆಲ್ಲಿ ಅದಾನ? ಕರಸು, ಅವನ್ನೇ ಒಳಗ ಹಾಕತೀನಿ." ಆಮೇಲೆ ದನಿ ತಗ್ಗಿಸಿದರು. "ನನ್ನ ಕೈಯಾಗ ಏನೈತಿ ತಮ್ಮಾ? ಆದದ್ದು ಆದಂಗ ಬರದು ಕಳಿಸೀನಿ. ಸಹಿ ನಂದು ಐತಿ ಆ ಹಾಳಿ ಮ್ಯಾಲ. ಮ್ಯಾಲಿನವರು ನಿನ್ನ ಬಿಟ್ಟು ನನ್ನ ಹಿಡದ್ರ?"

ನೋಡಿದರೆ ಅವರ ಹಣೆಯೂ ಬೆವೆತಿತ್ತು. ಅವರಿಗೆ ಮೇಲಿನವರ ಹೆದರಿಕೆ, ಮೇಲಿನವರಿಗೆ ತಮ್ಮ ಮೇಲಿನವರ ಹೆದರಿಕೆ, ನನಗೆ ಎಲ್ಲರದೂ. ಸುಳ್ಳು ಹೇಳುವುದಿಲ್ಲ, ಅಂಥ ಹೊತ್ತಿನಲ್ಲೂ ಆ ಬೆವರು ಒರೆಸಿಕೊಳ್ಳುವ ರೀತಿಯನ್ನು ನನ್ನ ಕೈ ತನ್ನಷ್ಟಕ್ಕೆ ಕಲಿತುಕೊಳ್ಳುತ್ತಿತ್ತು.

ಮಾಸ್ತರರು ಠಾಣೆಯ ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ. "ಪ್ರಶ್ನೆ ಕೇಳ್ದವ ನಾನು. ಕೇಳ್ದವನ್ನ ಹೊರಗಿಟ್ಟು ಉತ್ರ ಕೊಟ್ಟವನ್ನ ಒಳಗೆ ಹಾಕುದು ಯಾವ ಲೆಕ್ಕ?" ಎಂದು ಒಳಹೋಗುವ ಹೊರಬರುವ ಪೋಲೀಸರಿಗೆಲ್ಲ ಹೇಳುತ್ತಿದ್ದರು. ಪೆನ್ಶನ್ನಿಗೆ ಕುತ್ತು ಬಂದೀತೆಂದು ಯಾರೋ ಎಚ್ಚರಿಸಿದರೆ, "ಬರ್ಲಿ, ಗಂಜಿ ಹೆಂಗೂ ಉಂಬುದೇ," ಅಂದರಂತೆ.

ಕಾಯುವುದು ಎಷ್ಟು ಕೆಟ್ಟ ಕೆಲಸವೆಂದು ಅಲ್ಲಿ ತಿಳಿಯಿತು. ಹೊರಗೆ ಸೈಕಲ್ಲಿನ ಗಂಟೆ ಕೇಳಿದರೂ ಕಾರವಾರದ ಕಾಗದವೇ ಬಂತೆಂದು ಎದ್ದು ಕಂಬಿ ಹಿಡಿಯುತ್ತಿದ್ದೆ. ತೆಂಗಿನಗುಂಡಿಯ ಅಣ್ಣ ಮಾತ್ರ ಅಂಗೈ ದಿಂಬು ಮಾಡಿಕೊಂಡು ಹಗಲಲ್ಲೇ ಗೊರಕೆ ಹೊಡೆದರು. ಎದ್ದಾಗ ನನ್ನ ಮುಖ ನೋಡಿ, "ಮೀನು ಬಲೆಲಿ ಇಷ್ಟು ಒದ್ದಾಡುದಿಲ್ಲ ಮಾರಾಯ, ನೀ ಎಂತ!" ಅಂದರು. ಅವರ ಹೆಂಡತಿ ಬಂದು ಕಂಬಿಯ ಹೊರಗೆ ನಿಂತಾಗ ಮಾತ್ರ ಅವರಿಗೆ ತಮಾಷೆ ಬರಲಿಲ್ಲ. ಅವಳು ತಂದ ಬುತ್ತಿಯನ್ನು ನನ್ನ ಕಡೆ ದೂಡಿ, ಗೋಡೆಯತ್ತ ತಿರುಗಿ ಕೂತರು.

ಬಂದವು ಎರಡು ಕಾಗದ. ನನಗೊಂದು, ಅವರಿಗೊಂದು.

ನನ್ನದು ಆರೋಪ. ಅವರದು ಬರೀ ಆಜ್ಞೆ: ದೇಶದ ರಕ್ಷಣೆಗಾಗಿ ಹಿಡಿದಿಡತಕ್ಕದ್ದು, ಬೆಳಗಾವಿಗೆ ಒಯ್ಯತಕ್ಕದ್ದು. ಫೌಜದಾರರು ಎರಡನ್ನೂ ಒಂದೇ ದನಿಯಲ್ಲಿ ಓದಿದರು. ನಾನು ಹಗುರಾದೆ. ಹಗುರಾದದ್ದು ಮುಖದಲ್ಲಿ ಕಾಣಬಾರದೆಂದು ತಲೆ ತಗ್ಗಿಸಿದೆ. ಅಣ್ಣ ನನ್ನ ಬೆನ್ನಿಗೊಂದು ಗುದ್ದಿದರು. "ಕುಶಾಲಾಗಿ ಹೋಗಾ. ಕೋರ್ಟಲ್ಲಿ ಚಲೋ ಮಾತಾಡು."

ಮ್ಯಾಜಿಸ್ಟ್ರೇಟರು ಕರಾವಳಿಯವರೇ, ಕುಮಟೆಯ ಕಡೆಯವರು. ಅವರ ಮೇಜಿನ ಕೆಳಗೆ ಕಾಗದ ಜೋಡಿಸಿಕೊಟ್ಟ ನಾನು ಆವತ್ತು ಕಟಕಟೆಯಲ್ಲಿ. ಅವರು ನಶ್ಯದ ಡಬ್ಬಿ ತೆರೆದರು, ಮುಚ್ಚಿದರು. ನಾನು ನನ್ನ ಮೂಗನ್ನೇ ಗಟ್ಟಿ ಹಿಡಿದುಕೊಂಡೆ. ಅಭ್ಯಾಸಬಲದಿಂದ ಅದು ಏನಾದರೂ ಮಾಡಿಬಿಟ್ಟರೆ?

"ರಾಷ್ಟ್ರಪತಿಯೋರಿಗೆ ಅವಮಾನ ಮಾಡ್ಯಾನ, ಸಾಹೇಬರ," ಅಂದರು ಫೌಜದಾರರು.

"ರಾಷ್ಟ್ರಪತಿಗಳ ಹೆಸರು ಹೇಳಿದನೋ?"

"ಇಲ್ಲರಿ. ಖರೆ, ಕೇಳಿದವರಿಗೆಲ್ಲ ತಿಳೀತು."

"ನಿಮಗೆ?"

"ನನಗೂ ತಿಳೀತರಿ."

"ಹಾಗಾದರೆ ಅಗುಳಿ ಹಾಕಿಸಿದ ಆ ರಾಜನಲ್ಲಿ ರಾಷ್ಟ್ರಪತಿಗಳನ್ನು ಕಂಡವರು ನೀವು, ಅವನಲ್ಲ. ಬರೆದುಕೊಳ್ಳಲೇ?"

ಫೌಜದಾರರ ಕೈ ಮತ್ತೆ ಹಣೆಗೆ ಹೋಯಿತು. ಬೇಡವೆಂದು ತಲೆಯಾಡಿಸಿದರು. ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿದರು.

"ಸಹಿ ಮಾಡಿಸಿದ ಬರಹ ಬಿಟ್ಟು ಮಾತಾಡಿದ್ದು ಹೌದೋ?"

ವಕೀಲರು ಕೆಮ್ಮಿದರು. ಆ ಕೆಮ್ಮಿನ ಒಂದೊಂದು ಅರ್ಥವೂ ನನಗೆ ಗೊತ್ತು. ಇದು 'ಹೌದು ಅನ್ನು, ಹೆಚ್ಚು ಒಂದಕ್ಷರ ಬೇಡ' ಎಂಬ ಕೆಮ್ಮು.

"ಹೌದು," ಅಂದೆ.

ಪರವಾನಗಿಯ ಷರತ್ತು ಮುರಿದದ್ದಕ್ಕೆ ಶಿಕ್ಷೆಯಾಯಿತು. ಕೋರ್ಟು ಏಳುವ ತನಕ, ಅಂದರೆ ಆ ದಿನದ ಕೆಲಸ ಮುಗಿಯುವ ತನಕ, ಸಜೆ, ಅದೂ ಕೋರ್ಟಿನೊಳಗೇ. ಗೋಡೆಯ ಬದಿಯ ಬೆಂಚು ತೋರಿಸಿದರು. ಕೂತೆ. ಮಾಸ್ತರರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ವಕೀಲರು ಹಾದುಹೋಗುವಾಗ ಪುಸ್ತಕದ ಕನ್ನಡದಲ್ಲಿ "ನಾಳೆ ಕೆಲಸಕ್ಕೆ ಬೇಗ ಬರತಕ್ಕದ್ದು" ಅಂದರು.

ಅವರು ಮೆಟ್ಟಿಲಿಳಿಯುವಷ್ಟರಲ್ಲಿ ತೆಂಗಿನಗುಂಡಿಯ ಆ ಹೆಂಗಸು ಅವರನ್ನು ತಡೆದಳು. "ನಮ್ಮವ್ರನ್ನೂ ಇಲ್ಲಿ ಒಂದ್ಸಲ ನಿಲ್ಸಿ ಒಡೆಯಾ. ತಪ್ಪು ಅಂದ್ರೆ ಶಿಕ್ಷೆ ಕೊಡ್ಲಿ. ನಿಲ್ಸುದಷ್ಟೇ." ವಕೀಲರು ಕನ್ನಡಕ ತೆಗೆದರು, ಹಾಕಿಕೊಂಡರು. ಏನು ಹೇಳಿದರೋ ನನಗೆ ಕೇಳಲಿಲ್ಲ. ಅವಳು ಮಾತ್ರ ಕೋರ್ಟಿನ ತೆರೆದ ಬಾಗಿಲನ್ನೂ, ಒಳಗೆ ಕೂತ ನನ್ನನ್ನೂ ನೋಡುತ್ತ ನಿಂತಳು.

ಮಧ್ಯಾಹ್ನದ ಮೇಲೆ ಯಾರದೋ ಗಡಿತಂಟೆಯ ದಾವೆ ನಡೆಯುತ್ತಿತ್ತು. ಬೆಳಗಾವಿಗೆ ಒಯ್ಯಲು ಕುಮಟೆಯ ಬಸ್ಸು ಹಿಡಿಯಬೇಕಾಗಿತ್ತು, ಅಣ್ಣನನ್ನು ಕೋರ್ಟಿನ ಎದುರಿನ ದಾರಿಯಲ್ಲೇ ನಡೆಸಿಕೊಂಡು ಬಂದರು. ಕೈಗೆ ಬೇಡಿ ಇತ್ತು. ಕಿಟಕಿಯ ಹತ್ತಿರ ಬಂದಾಗ ಕತ್ತು ಉದ್ದ ಮಾಡಿ ಒಳಗೆ ನೋಡಿದರು, ನನ್ನನ್ನು ಕಂಡು ಹಲ್ಲು ಬಿಟ್ಟರು.

"ಏ ದೂತ! ಒಳಗೆ ಹೆಂಗಿದ್ಯಾ?"

ನಾನು ತಟ್ಟನೆ ಎದ್ದು ನಿಂತೆ. ಮ್ಯಾಜಿಸ್ಟ್ರೇಟರು ತಲೆಯೆತ್ತಿದರು.

"ಕೂತುಕೊ," ಅಂದರು, ಮೆಲ್ಲಗೆ. "ಕೋರ್ಟು ಇನ್ನೂ ಎದ್ದಿಲ್ಲ."

ಕೂತೆ. ಅವರು ಎದ್ದು ಒಳಗೆ ಹೋಗಿ, ಪೋಲೀಸಿನವನು "ಏಳಾ, ಆತು ನಿಂದು" ಎನ್ನುವ ಹೊತ್ತಿಗೆ ರಸ್ತೆಯಲ್ಲಿ ಬಸ್ಸಿನ ಧೂಳು ಕೂಡ ಇಳಿದಿತ್ತು. ಆ ಹೆಂಗಸು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅವಳನ್ನು ದಾಟದೆ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ.